ಎರಡು ಸೀಸನ್ ಆದ ಮೇಲೆ ವಿದೇಶಿ ಗಿರಾಕಿ ಕೈಬಿಟ್ಟರೆ ಹೊಸಬರನ್ನು ಹುಡುಕಬೇಕಾ?

ಎರಡು ಸೀಸನ್ ಮಾಲು ತಗೊಂಡ ಗಿರಾಕಿ ಈಗ ಫೋನೇ ಎತ್ತುತ್ತಿಲ್ಲ, ಬೇರೆ ದೇಶದಲ್ಲಿ ಹೊಸಬರು ಸಿಗುವುದು ಹೇಗೆ ಅಂತ ಕೇಳಿದ್ದೀರಿ. ನನಗೆ 2019 ನೆನಪಾಯಿತು.

ಚಿಕ್ಕಬಳ್ಳಾಪುರ ಕಡೆಯಿಂದ ಮಲೇಷ್ಯಾಕ್ಕೆ ರೋಸ್ ಈರುಳ್ಳಿ ಕಳಿಸುತ್ತಿದ್ದೆ. ಗಾಢ ಕೆಂಪು, ಸಣ್ಣ ಗಡ್ಡೆ, ಘಾಟು ಜಾಸ್ತಿ. ನಮ್ಮಲ್ಲಿ ಕೊಳ್ಳುವವರು ಕಡಿಮೆ, ಹೊರಗೆ ಕಳಿಸಲಿಕ್ಕೇ ಬೆಳೆಯುತ್ತಾರೆ. ನನ್ನ ಗಿರಾಕಿ ಪೆನಾಂಗ್‌ನ ಒಬ್ಬ ತಮಿಳು ವ್ಯಾಪಾರಿ, ವಯಸ್ಸಾದವರು. ನನ್ನನ್ನು ತಂಬಿ ಅಂತಲೇ ಕರೆಯುತ್ತಿದ್ದರು.

ಸೆಪ್ಟೆಂಬರ್ 29, ಭಾನುವಾರ, ಈರುಳ್ಳಿ ರಫ್ತು ಪೂರ್ತಿ ಬಂದ್ ಅಂತ ಆದೇಶ ಬಂತು. ನನ್ನ ಮಾಲು ಆಗಲೇ ಚೆನ್ನೈ ದಾರಿಯಲ್ಲಿತ್ತು. ಸೋಮವಾರ ಬೆಳಿಗ್ಗೆ ಅವರದೇ ಫೋನ್: ‘ಬಂದ್ ಅಂತಾರಲ್ಲ, ನಮ್ಮದು ಬರುತ್ತಾ?’ ನಾನು ‘ಬರುತ್ತೆ, ಮೊದಲೇ ಬಿಲ್ ಆಗಿದೆ’ ಅಂದುಬಿಟ್ಟೆ.

ಆ ಒಂದು ಮಾತೇ ನನ್ನ ತಪ್ಪು. ಬರುತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇಲ್ಲ ಅಂದರೆ ಆರ್ಡರ್ ಕೈ ತಪ್ಪುತ್ತದೆ, ನಾಲ್ಕು ದಿನದಲ್ಲಿ ವಿನಾಯಿತಿ ಸಿಗುತ್ತದೆ ಅಂತ ಲೆಕ್ಕ ಹಾಕಿದೆ. ಬುಧವಾರ ಕೇಳಿದಾಗಲೂ ಅದನ್ನೇ ಹೇಳಿದೆ. ಆಮೇಲೆ ಅವರ ಫೋನೇ ನಾನು ಎತ್ತಲಿಲ್ಲ. ಅವರು ದೀಪಾವಳಿಗೆ ಅಂತ ಹತ್ತಾರು ಅಂಗಡಿಗಳಿಗೆ ಮಾತು ಕೊಟ್ಟಿದ್ದರು. ಭಾನುವಾರ ರಾತ್ರಿಯೇ ನಾನು ಇಲ್ಲ ಅಂದಿದ್ದರೆ ಬೇರೆ ಕಡೆ ಹೊಂದಿಸಿಕೊಳ್ಳಲು ಅವರಿಗೆ ಸಮಯ ಇತ್ತು. ಆ ಸಮಯವನ್ನು ಕಿತ್ತುಕೊಂಡವನು ನಾನು. ಹನ್ನೊಂದನೇ ದಿನ, ನಿಂತುಹೋಗಿದ್ದ ನನ್ನ ಮಾಲನ್ನು ಹೋಗಿ ನೋಡಿದರೆ ಚೀಲಗಳ ಅಡಿಯಿಂದ ನೀರು ಸೋರುತ್ತಿತ್ತು. ಜಾಲರಿ ಕಣ್ಣುಗಳಿಂದ ಹಸಿರು ಮೊಳಕೆ ಹೊರಗೆ ಬಂದಿತ್ತು.

ಅಕ್ಟೋಬರ್ ಕೊನೆಗೆ ರೋಸ್ ಈರುಳ್ಳಿಗೆ ಮಾತ್ರ 9,000 ಟನ್‌ವರೆಗೆ ಅನುಮತಿ ಬಂತು. ಖುಷಿಯಿಂದ ಫೋನ್ ಮಾಡಿದೆ. ‘ಬಂದ್ ಮಾಡಿದ್ದು ನೀನಲ್ಲ ತಂಬಿ. ಬರಲ್ಲ ಅಂತ ಒಂದು ಮಾತು ಹೇಳೋದು ನಿನ್ನ ಕೈಲಿತ್ತಲ್ವಾ?’ ಅಂದರು. ಅಲ್ಲಿಗೆ ಮುಗಿಯಿತು.

ಹಾಗಾಗಿ ಹೊಸ ಗಿರಾಕಿ ಹುಡುಕಬೇಡಿ ಅನ್ನುತ್ತೇನೆ. ಅವರು ಸಿಗುತ್ತಾರೆ, ಅದು ಕಷ್ಟವೇ ಅಲ್ಲ, ಉಳಿಸಿಕೊಳ್ಳುವುದೇ ಕಷ್ಟ. ನಮ್ಮಂಥ ದೇಶಗಳಿಂದ ಶುರುವಾಗುವ ಹೊಸ ರಫ್ತು ವ್ಯವಹಾರಗಳಲ್ಲಿ ಬಹಳಷ್ಟು ಒಂದೆರಡು ವರ್ಷದಲ್ಲೇ ನಿಲ್ಲುತ್ತವೆ ಅಂತ ವ್ಯಾಪಾರದ ಅಂಕಿ ಅಂಶ ನೋಡಿದವರು ಹೇಳುತ್ತಾರೆ. ಬೆಲೆ, ಗುಣಮಟ್ಟ, ಸರ್ಕಾರದ ನೀತಿ ಎಲ್ಲವೂ ಕಾರಣವೇ. ಆದರೆ ನೀತಿ ಬದಲಾಗುತ್ತಲೇ ಇರುತ್ತದೆ. ಈರುಳ್ಳಿ 2020ರಲ್ಲೂ ಬಂದ್ ಆಯಿತು, 2023ರ ಡಿಸೆಂಬರ್‌ನಲ್ಲೂ ಆಯಿತು. ಆಗುತ್ತದೆ ಅಂತಲೇ ಮೊದಲ ಭೇಟಿಯಲ್ಲಿ ಗಿರಾಕಿಗೆ ಹೇಳಿಬಿಡಬೇಕು.

2020ರ ಸೆಪ್ಟೆಂಬರ್ 14ರಂದು ಆದೇಶ ಬಂದ ರಾತ್ರಿಯೇ ಸಿಂಗಪುರದ ಗಿರಾಕಿಗೆ ಫೋನ್ ಮಾಡಿ, ‘ನನ್ನಿಂದ ಆಗಲ್ಲ, ಬೇರೆ ಕಡೆ ತಗೊಳ್ಳಿ’ ಅಂದೆ. ಇವತ್ತಿಗೂ ಅವರಿಗೇ ಕಳಿಸುತ್ತಿದ್ದೇನೆ.

ನಿಮ್ಮ ಗಿರಾಕಿ ಕೊನೆಯ ಸಲ ಫೋನ್ ಮಾಡಿದಾಗ ಏನು ಕೇಳಿದ್ದರು, ನೀವು ಏನು ಹೇಳಿದಿರಿ ಅಂತ ನೆನಪು ಮಾಡಿಕೊಳ್ಳಿ. ಆಮೇಲೆ ಟಿಕೆಟ್ ಮಾಡಿಸಿ ಅವರ ಅಂಗಡಿಗೇ ಹೋಗಿ.