ನೋಡದ ಚಿತ್ರಕ್ಕೆ ತೀರ್ಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಆಸ್ಕರ್ ಸಮೀಪಿಸಿದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳುತ್ತವೆ. ಅವುಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಜನವರಿ ಬಂತೆಂದರೆ ‘ಈ ಬಾರಿಯ ಆಸ್ಕರ್ ಇವರಿಗೇ’ ಎಂಬ ಪಟ್ಟಿಗಳು ಎಲ್ಲೆಡೆ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿರುವ ಎಷ್ಟೋ ಚಿತ್ರಗಳು ನಮ್ಮ ದೇಶದಲ್ಲಿ ಬಿಡುಗಡೆಯೇ ಆಗಿರುವುದಿಲ್ಲ. ನೋಡದ ಚಿತ್ರದ ಬಗ್ಗೆ ಹೀಗೆ ಭವಿಷ್ಯ ನುಡಿಯುವುದು ವಂಚನೆಯಲ್ಲವೆ? (ಶಿವಮೊಗ್ಗದ ಓದುಗರು)

ವಂಚನೆಯೆಂದು ನಾನು ಹೇಳಲಾರೆ. ಆದರೆ ಅದು ವಿಮರ್ಶೆಯಲ್ಲ ಎಂಬುದನ್ನು ಪಟ್ಟಿ ತಯಾರಿಸುವವರು ಬಿಡಿಸಿ ಹೇಳುವುದಿಲ್ಲ, ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ. ಯಾರು ಗೆಲ್ಲುತ್ತಾರೆಂದು ಊಹಿಸುವವನು ಅಭ್ಯಾಸ ಮಾಡುವುದು ಚಿತ್ರಗಳನ್ನಲ್ಲ, ಮತದಾರರನ್ನು. ನಮ್ಮಲ್ಲಿ ಕ್ಷೇತ್ರದ ಜಾತಿ ಲೆಕ್ಕಾಚಾರ ಮಾಡಿ ಫಲಿತಾಂಶ ಹೇಳುವವನು ಅಭ್ಯರ್ಥಿಯ ಭಾಷಣವನ್ನು ಕೇಳಿರಲೇಬೇಕೆಂದು ಯಾರೂ ಒತ್ತಾಯಿಸುವುದಿಲ್ಲವಷ್ಟೆ.

ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಸುಮಾರು 10,000 ಮತದಾರರಿದ್ದಾರೆ. ಅವರಲ್ಲಿ ಅನೇಕರು ಅಮೆರಿಕದ ನಿರ್ದೇಶಕರ, ನಿರ್ಮಾಪಕರ, ನಟರ ಸಂಘಗಳ ಸದಸ್ಯರೂ ಹೌದು. ಆ ಸಂಘಗಳು ಆಸ್ಕರ್ ಸಮಾರಂಭಕ್ಕೆ ಕೆಲವು ವಾರಗಳ ಮೊದಲೇ ತಮ್ಮ ಪ್ರಶಸ್ತಿಗಳನ್ನು ಘೋಷಿಸುವುದರಿಂದ, ಅಲ್ಲಿ ಬಿದ್ದ ಮತಗಳ ಒಲವು ಇಲ್ಲಿ ಬೀಳಲಿರುವ ಮತಗಳ ಸುಳಿವನ್ನು ಕೊಡುತ್ತದೆ. ನಿರ್ದೇಶಕರ ಸಂಘದ ಪ್ರಶಸ್ತಿ 1948ರಷ್ಟು ಹಳೆಯದು. ಅಂದಿನಿಂದ ಇಂದಿನವರೆಗೆ ಆ ಪ್ರಶಸ್ತಿ ಪಡೆದವರಿಗೆ ಆಸ್ಕರ್ ತಪ್ಪಿದ ಸಂದರ್ಭಗಳು ಬೆರಳೆಣಿಕೆಯಷ್ಟು ಮಾತ್ರ. 2013ರಲ್ಲಿ ‘ಆರ್ಗೊ’ ಚಿತ್ರಕ್ಕಾಗಿ ಸಂಘ ಬೆನ್ ಅಫ್ಲೆಕ್ ಅವರನ್ನು ಆರಿಸಿತ್ತು, ಆದರೆ ಅಕಾಡೆಮಿ ಅವರನ್ನು ನಾಮನಿರ್ದೇಶನವನ್ನೂ ಮಾಡಿರಲಿಲ್ಲ. 2020ರಲ್ಲಿ ಸಂಘ ಸ್ಯಾಮ್ ಮೆಂಡಿಸ್ ಅವರನ್ನು ಆರಿಸಿದರೆ ಆಸ್ಕರ್ ಬೋಂಗ್ ಜೂನ್ ಹೋ ಅವರ ಪಾಲಾಯಿತು. ಇಂತಹ ಅಪವಾದಗಳನ್ನು ಬಿಟ್ಟರೆ, ಒಂದು ಚಿತ್ರವನ್ನೂ ನೋಡದವನು ಈ ಒಂದು ಸೂತ್ರ ಹಿಡಿದುಕೊಂಡೇ ನಿರ್ದೇಶಕರ ವಿಭಾಗದಲ್ಲಿ ಬಹುತೇಕ ವರ್ಷಗಳ ಉತ್ತರವನ್ನು ಸರಿಯಾಗಿ ಬರೆಯಬಹುದು.

ನಿಮ್ಮ ಅಸಮಾಧಾನಕ್ಕೆ ಇನ್ನೊಂದು ಕಾರಣವೂ ಇದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ವೆನಿಸ್, ಟೆಲ್ಲುರೈಡ್, ಟೊರಾಂಟೊ ಚಿತ್ರೋತ್ಸವಗಳಲ್ಲಿ ಪ್ರದರ್ಶನಗೊಂಡ ಚಿತ್ರಗಳ ಸುತ್ತ ಮಾತು ಆರಂಭವಾಗಿ, ಅವು ಬೆಂಗಳೂರಿನ ಚಿತ್ರಮಂದಿರಕ್ಕೋ ನಮ್ಮ ಮನೆಯ ಒಟಿಟಿಗೋ ಬರುವಷ್ಟರಲ್ಲಿ ‘ಇದು ಗೆಲ್ಲುವುದಿಲ್ಲ’ ಎಂಬ ಮಾತು ಹಳತಾಗಿರುತ್ತದೆ. ಸಮಾರಂಭ ಮುಗಿದ ಮರುದಿನವೇ ಮುಂದಿನ ವರ್ಷದ ಪಟ್ಟಿ ಹಾಕುವವರೂ ಇದ್ದಾರೆ. ಆ ಪಟ್ಟಿಯಲ್ಲಿರುವ ಕೆಲವು ಚಿತ್ರಗಳ ಚಿತ್ರೀಕರಣವೇ ಆಗ ಮುಗಿದಿರುವುದಿಲ್ಲ. ಇದು ಕಾಲಹರಣದ ಆಟ, ಅದಕ್ಕೆ ಅಷ್ಟೇ ಬೆಲೆ ಕೊಟ್ಟರೆ ಸಾಕು.

ಪ್ರಶ್ನೆ: ಲೆಕ್ಕ ಇಷ್ಟು ಸರಳವಾಗಿದ್ದರೆ, ಅತ್ಯುತ್ತಮ ಚಿತ್ರದ ವಿಭಾಗದಲ್ಲಿ ಪರಿಣತರೂ ಎಡವುವುದೇಕೆ? (ಧಾರವಾಡದ ಓದುಗರು)

ಆ ಒಂದು ವಿಭಾಗದಲ್ಲಿ ಮತ ಎಣಿಸುವ ಕ್ರಮವೇ ಬೇರೆ. ಉಳಿದ ವಿಭಾಗಗಳಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಅತ್ಯುತ್ತಮ ಚಿತ್ರಕ್ಕೆ ಮಾತ್ರ, 2009ರ ಚಿತ್ರಗಳಿಂದ ಈಚೆಗೆ, ಮತದಾರರು ತಮ್ಮ ಆದ್ಯತೆಯ ಕ್ರಮದಲ್ಲಿ ಚಿತ್ರಗಳನ್ನು ಒಂದು, ಎರಡು, ಮೂರು ಎಂದು ಗುರುತಿಸುತ್ತಾರೆ. ಯಾವ ಚಿತ್ರಕ್ಕೂ ಮೊದಲ ಆದ್ಯತೆಯ ಮತಗಳು ಅರ್ಧಕ್ಕಿಂತ ಹೆಚ್ಚು ಬರದಿದ್ದಾಗ ಕೊನೆಯ ಸ್ಥಾನದ ಚಿತ್ರವನ್ನು ಕೈಬಿಟ್ಟು, ಅದನ್ನು ಮೊದಲು ಬರೆದವರ ಮತಗಳನ್ನು ಅವರ ಎರಡನೆಯ ಆಯ್ಕೆಗೆ ವರ್ಗಾಯಿಸಲಾಗುತ್ತದೆ. ಯಾವುದಾದರೊಂದು ಚಿತ್ರ ಅರ್ಧದ ಗಡಿ ದಾಟುವವರೆಗೆ ಈ ಕ್ರಮ ಮುಂದುವರಿಯುತ್ತದೆ. ಕೆಲವರು ತಲೆಯ ಮೇಲೆ ಹೊತ್ತು ಮೆರೆಸಿ ಉಳಿದವರು ಮುಖ ಸಿಂಡರಿಸುವ ಚಿತ್ರಕ್ಕಿಂತ, ಹೆಚ್ಚಿನವರು ‘ಚೆನ್ನಾಗಿದೆ’ ಎಂದು ಎರಡನೆಯದಾಗಿಯೋ ಮೂರನೆಯದಾಗಿಯೋ ಬರೆದ ಚಿತ್ರಕ್ಕೆ ಇಲ್ಲಿ ಅನುಕೂಲ.

2017ರಲ್ಲಿ 14 ನಾಮನಿರ್ದೇಶನಗಳನ್ನು ಪಡೆದು, ನಿರ್ಮಾಪಕರ ಮತ್ತು ನಿರ್ದೇಶಕರ ಸಂಘಗಳ ಪ್ರಶಸ್ತಿಗಳನ್ನೂ ಗೆದ್ದಿದ್ದ ‘ಲಾ ಲಾ ಲ್ಯಾಂಡ್’ ಸೋತು ‘ಮೂನ್‌ಲೈಟ್’ ಗೆದ್ದಿತು. ಅಂದು ವೇದಿಕೆಯ ಮೇಲೆ ಲಕೋಟೆ ಬದಲಾಗಿ ತಪ್ಪು ಹೆಸರು ಘೋಷಣೆಯಾದದ್ದನ್ನು ಜನ ಈಗಲೂ ನೆನೆಯುತ್ತಾರೆ. ಆ ಗದ್ದಲದಲ್ಲಿ ಊಹೆಗಾರರ ಸೋಲು ಮರೆತೇಹೋಯಿತು. 2022ರಲ್ಲಿ 12 ನಾಮನಿರ್ದೇಶನಗಳಿದ್ದ ‘ದ ಪವರ್ ಆಫ್ ದ ಡಾಗ್’ ಬಹುಕಾಲ ಮುಂದಿತ್ತು, ಗೆದ್ದದ್ದು ಬರೀ ಮೂರು ನಾಮನಿರ್ದೇಶನಗಳಿದ್ದ ‘ಕೋಡಾ’. ಇವಕ್ಕೆಲ್ಲ ಆದ್ಯತಾ ಮತವೇ ಕಾರಣವೆಂದು ಸಾಧಿಸುವಂತಿಲ್ಲ, ಏಕೆಂದರೆ ಯಾವ ಚಿತ್ರಕ್ಕೆ ಎಷ್ಟು ಮತ ಬಿತ್ತೆಂಬುದನ್ನು ಅಕಾಡೆಮಿ ಪ್ರಕಟಿಸುವುದಿಲ್ಲ.

ಪ್ರಶ್ನೆ: ಊಹೆಗಾರರ ಮಾತು ಹಾಗಿರಲಿ, ಮತ ಹಾಕುವ ಸದಸ್ಯರೇ ಎಲ್ಲ ಚಿತ್ರಗಳನ್ನು ನೋಡುವುದಿಲ್ಲವೆಂದು ಕೇಳಿದ್ದೇನೆ. ಇದು ನಿಜವೆ? (ಮೈಸೂರಿನ ಓದುಗರು)

ಬಹುಕಾಲ ಅದು ನಿಜವಾಗಿತ್ತು, ಮತ್ತು ಈ ಪತ್ರಗಳ ಗುಚ್ಛದಲ್ಲಿ ನಿಜಕ್ಕೂ ಗಂಭೀರವಾದ ಪ್ರಶ್ನೆ ಇದೊಂದೇ ಎಂದು ನನ್ನ ಭಾವನೆ. ನೋಡದೆ ಊಹಿಸುವವನಿಂದ ಯಾರಿಗೂ ನಷ್ಟವಿಲ್ಲ, ಆದರೆ ನೋಡದೆ ಮತ ಹಾಕುವವನು ಒಬ್ಬರ ವರ್ಷಗಳ ದುಡಿಮೆಗೆ ತೀರ್ಪು ಕೊಡುತ್ತಿರುತ್ತಾನೆ.

ವಿದೇಶಿ ಭಾಷೆಯ ಚಿತ್ರಗಳ ವಿಭಾಗದಲ್ಲಿ ಒಂದು ಕಾಲದಲ್ಲಿ ಕಟ್ಟುನಿಟ್ಟಿನ ನಿಯಮವಿತ್ತು. ನಾಮನಿರ್ದೇಶಿತವಾದ ಐದೂ ಚಿತ್ರಗಳ ಪ್ರದರ್ಶನಕ್ಕೆ ಹೋಗಿ ನೋಡಿದವರಿಗೆ ಮಾತ್ರ ಅಲ್ಲಿ ಮತದ ಹಕ್ಕು ಇತ್ತು. ದೊಡ್ಡ ವಿಭಾಗಗಳಲ್ಲಿ ಹಾಗೆ ಯಾರೂ ಲೆಕ್ಕ ಇಡುತ್ತಿರಲಿಲ್ಲ, ಅಂಚೆಯಲ್ಲಿ ಬಂದ ಡಿವಿಡಿಯನ್ನು ಸದಸ್ಯರು ಬಿಚ್ಚಿ ನೋಡಿದರೋ ಇಲ್ಲವೋ ಅವರ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಗಿತ್ತು. ‘ಹಾಲಿವುಡ್ ರಿಪೋರ್ಟರ್’ ಪತ್ರಿಕೆ ಹೆಸರು ಹೇಳಲೊಲ್ಲದ ಮತದಾರರನ್ನು ಮಾತಾಡಿಸಿ ಪ್ರಕಟಿಸುತ್ತಿದ್ದ ಲೇಖನಗಳಲ್ಲಿ, ಇಂಥಿಂಥ ಚಿತ್ರವನ್ನು ಅರ್ಧಕ್ಕೆ ಬಿಟ್ಟೆನೆಂದೋ ನೋಡಲೇ ಇಲ್ಲವೆಂದೋ ನಿಸ್ಸಂಕೋಚವಾಗಿ ಒಪ್ಪಿಕೊಂಡವರಿದ್ದರು. 2006ರಲ್ಲಿ ಹಿರಿಯ ನಟ ಟೋನಿ ಕರ್ಟಿಸ್ ಹೆಸರು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಇಬ್ಬರು ಗಂಡಸರ ನಡುವಿನ ಪ್ರೇಮದ ಕಥೆಯಾದ ‘ಬ್ರೋಕ್‌ಬ್ಯಾಕ್ ಮೌಂಟನ್’ ಚಿತ್ರವನ್ನು ತಾವು ನೋಡಿಲ್ಲ, ನೋಡುವ ಇರಾದೆಯೂ ಇಲ್ಲವೆಂದು ಸಂದರ್ಶನದಲ್ಲಿ ಹೇಳಿದರು. ಆ ವರ್ಷ ಅತ್ಯುತ್ತಮ ಚಿತ್ರದ ಪ್ರಶಸ್ತಿ ‘ಕ್ರ್ಯಾಶ್’ ಚಿತ್ರಕ್ಕೆ ಹೋಯಿತು. ಒಬ್ಬರ ಮಾತಿನಿಂದ ಫಲಿತಾಂಶ ಬದಲಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ನೋಡಿ ಮೆಚ್ಚದಿರುವುದಕ್ಕೂ, ಕಥೆಯ ಎಳೆಯನ್ನು ಕೇಳಿಯೇ ಬಾಗಿಲು ಮುಚ್ಚುವುದಕ್ಕೂ ಇರುವ ಅಂತರವನ್ನು ಮತಪತ್ರ ಗುರುತಿಸಲಾರದು.

ಕೊನೆಗೆ 2025ರ ಏಪ್ರಿಲ್‌ನಲ್ಲಿ ಅಕಾಡೆಮಿ ನಿಯಮ ಬದಲಿಸಿತು. 98ನೆಯ ಪ್ರಶಸ್ತಿಗಳಿಂದ, ಅಂತಿಮ ಸುತ್ತಿನಲ್ಲಿ ಯಾವುದೇ ವಿಭಾಗಕ್ಕೆ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲ ನಾಮನಿರ್ದೇಶಿತ ಚಿತ್ರಗಳನ್ನೂ ನೋಡಿರಬೇಕು. ಅಕಾಡೆಮಿಯದೇ ಆದ ಆನ್‌ಲೈನ್ ವೇದಿಕೆಯಲ್ಲಿ ನೋಡಿದರೆ ದಾಖಲೆ ತಾನಾಗಿ ಉಳಿಯುತ್ತದೆ. ಚಿತ್ರಮಂದಿರದಲ್ಲೋ ಚಿತ್ರೋತ್ಸವದಲ್ಲೋ ನೋಡಿದವರು ಎಲ್ಲಿ, ಯಾವಾಗ ನೋಡಿದರೆಂದು ನಮೂನೆಯೊಂದರಲ್ಲಿ ತುಂಬಿಕೊಡಬೇಕು. ಚಿತ್ರವನ್ನು ಓಡಲು ಬಿಟ್ಟು ಅಡುಗೆಮನೆಗೆ ಹೋದವರನ್ನು ಈ ನಿಯಮ ಹಿಡಿಯಲಾರದು ಎಂಬುದು ನಿಜ, ನಮೂನೆಯಲ್ಲಿ ಸುಳ್ಳು ಬರೆಯುವವರನ್ನೂ ಹಿಡಿಯಲಾರದು. ಆದರೂ ಸುಮಾರು ನೂರು ವರ್ಷಗಳ ಇತಿಹಾಸವಿರುವ ಸಂಸ್ಥೆಯೊಂದು ‘ತೀರ್ಪುಗಾರರು ಚಿತ್ರ ನೋಡಿರಬೇಕು’ ಎಂಬುದನ್ನು ಎಲ್ಲ ವಿಭಾಗಗಳಿಗೂ ನಿಯಮವಾಗಿ ಬರೆಯಲು ಇಷ್ಟು ಕಾಲ ತೆಗೆದುಕೊಂಡಿತೆಂಬುದು ನನಗೆ ಇನ್ನೂ ವಿಚಿತ್ರವಾಗಿಯೇ ಕಾಣುತ್ತದೆ.

ಪ್ರಶ್ನೆ: 2023ರಲ್ಲಿ ‘ಕಾಂತಾರ’ ಆಸ್ಕರ್ ಪಟ್ಟಿಗೆ ಸೇರಿತೆಂದು ಸುದ್ದಿಯಾಗಿತ್ತು. ಆಮೇಲೆ ಏನೂ ಕೇಳಿಬರಲಿಲ್ಲ. ಏನಾಯಿತು? (ಉಡುಪಿಯ ಓದುಗರು)

ಅದು ಅರ್ಹ ಚಿತ್ರಗಳ ಪಟ್ಟಿ. ನಿಗದಿತ ಅಮೆರಿಕನ್ ನಗರವೊಂದರಲ್ಲಿ ಸತತ ಏಳು ದಿನ ಪ್ರದರ್ಶನಗೊಂಡು, ಅರ್ಜಿ ಸಲ್ಲಿಸಿ ಉಳಿದ ಷರತ್ತುಗಳನ್ನು ಪೂರೈಸಿದ ಚಿತ್ರಗಳ ಹೆಸರು ಅದರಲ್ಲಿರುತ್ತದೆ. ಆ ವರ್ಷ ಅದರಲ್ಲಿ 301 ಚಿತ್ರಗಳಿದ್ದವು. ಮತದಾನ ನಡೆಯುವುದು ಅದಾದ ಮೇಲೆ, ಆದ್ದರಿಂದ ಪಟ್ಟಿಯಲ್ಲಿ ಹೆಸರಿರುವುದು ಗುಣದ ಬಗ್ಗೆ ಪರವಾಗಿಯೂ ವಿರೋಧವಾಗಿಯೂ ಏನನ್ನೂ ಹೇಳುವುದಿಲ್ಲ. ಆ ಚಿತ್ರಕ್ಕೆ ನೋಡಿ ಕೊಟ್ಟ ಮನ್ನಣೆ ಬಂದದ್ದು 2024ರ ಆಗಸ್ಟ್‌ನಲ್ಲಿ, ರಿಷಬ್ ಶೆಟ್ಟಿ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಘೋಷಣೆಯಾದಾಗ.

ಪ್ರಶ್ನೆ: 2024ರಲ್ಲಿ ಭಾರತದ ಅಧಿಕೃತ ಆಯ್ಕೆಯಾಗಿ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ ಬದಲು ‘ಲಾಪತಾ ಲೇಡೀಸ್’ ಹೋದದ್ದು ತಪ್ಪು ಎಂದು ನಾನು ವಾದಿಸಿದೆ. ‘ನೀವು ಎರಡನ್ನೂ ನೋಡಿದ್ದೀರಾ’ ಎಂದು ಸ್ನೇಹಿತರು ಕೇಳಿದರು. ಮೊದಲನೆಯದನ್ನು ನಾನು ನೋಡಿರಲಿಲ್ಲ. ನೋಡದವರಿಗೆ ಅಭಿಪ್ರಾಯ ಹೇಳುವ ಹಕ್ಕೇ ಇಲ್ಲವೆ? (ಬೆಂಗಳೂರಿನ ಓದುಗರು)

ಹಕ್ಕಿದೆ, ಆದರೆ ಯಾವುದರ ಬಗ್ಗೆ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಆಯ್ಕೆ ಪ್ರಕಟವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ ದೇಶದ ಹೆಚ್ಚಿನ ಊರುಗಳ ಚಿತ್ರಮಂದಿರಗಳಿಗೆ ಬಂದದ್ದು ನವೆಂಬರ್‌ನಲ್ಲಿ. ಅಂದರೆ ಆ ಎರಡು ತಿಂಗಳು ಈ ವಿಷಯದಲ್ಲಿ ಕಾದಾಡಿದವರಲ್ಲಿ ಬಹುಪಾಲು ಜನ ಎರಡರಲ್ಲಿ ಒಂದನ್ನು ನೋಡಿರಲು ಸಾಧ್ಯವೇ ಇರಲಿಲ್ಲ, ನೀವೊಬ್ಬರೇ ಅಲ್ಲ.

ನಿಮ್ಮ ವಾದದ ಒಂದು ಭಾಗಕ್ಕೆ ನೋಡುವ ಅಗತ್ಯವೂ ಇರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಎರಡನೆಯ ದೊಡ್ಡ ಗೌರವವಾದ ಗ್ರಾಂ ಪ್ರಿ ಪಡೆದ ಚಿತ್ರಕ್ಕೆ ವಿದೇಶದ ಮತದಾರರ ಗಮನ ಆಗಲೇ ದೊರೆತಿದೆ, ಆದ್ದರಿಂದ ಅದಕ್ಕೆ ಅವಕಾಶ ಹೆಚ್ಚು ಎಂದು ನೀವು ಹೇಳಿದ್ದರೆ ಅದು ತಂತ್ರದ ಮಾತು, ಚುನಾವಣೆಯ ಲೆಕ್ಕ. ಮುಂದೆ ಡಿಸೆಂಬರ್‌ನಲ್ಲಿ ಅಕಾಡೆಮಿಯ 15 ಚಿತ್ರಗಳ ಕಿರುಪಟ್ಟಿಯಲ್ಲಿ ‘ಲಾಪತಾ ಲೇಡೀಸ್’ ಇಲ್ಲದಾಗ ಆ ಲೆಕ್ಕಕ್ಕೆ ಬಲವೂ ಬಂತು. ಆದರೆ ‘ಅದು ಇದಕ್ಕಿಂತ ಒಳ್ಳೆಯ ಚಿತ್ರ’ ಎಂದು ಹೇಳಿದ್ದರೆ ಅದು ಬೇರೆಯವರ ಕಣ್ಣಿನಿಂದ ಎರವಲು ತಂದ ಮಾತು. ಪ್ರಶಸ್ತಿ, ಟ್ರೇಲರ್, ಪರಿಚಿತರ ಹೊಗಳಿಕೆ, ಇವೆಲ್ಲ ಚಿತ್ರ ನೋಡಬೇಕೆ ಬೇಡವೆ ಎಂದು ನಿರ್ಧರಿಸಲು ಸಾಕು, ಚಿತ್ರ ಹೇಗಿದೆ ಎಂದು ಹೇಳಲು ಸಾಲವು. ನೋಡದಿರುವ ನಿರ್ಧಾರಕ್ಕೆ ಯಾರಿಗೂ ಕಾರಣ ಕೊಡಬೇಕಿಲ್ಲ, ಆಯುಷ್ಯ ಚಿಕ್ಕದು, ಚಿತ್ರಗಳು ಬಹಳ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ‘ಪ್ರಶಸ್ತಿಗೆಂದೇ ಮಾಡಿದ ಚಿತ್ರ’ ಎಂಬ ಆರೋಪ. ನಿಜ ವ್ಯಕ್ತಿಯ ಜೀವನಕಥೆ, ಮೈಭಾರ ಇಳಿಸಿದ ನಟ, ವರ್ಷದ ಕೊನೆಯಲ್ಲಿ ಬಿಡುಗಡೆ, ಇಷ್ಟನ್ನು ಕೇಳಿದೊಡನೆ ಚಿತ್ರವನ್ನು ತಳ್ಳಿಹಾಕುವವರು ತಾವು ಚಾಣಾಕ್ಷರೆಂದು ತಿಳಿಯುತ್ತಾರೆ. ಬಿಡುಗಡೆಯ ದಿನಾಂಕವನ್ನು ಗೊತ್ತುಮಾಡುವುದು ವಿತರಕರು, ಅದರಿಂದ ನಿರ್ದೇಶಕರ ಮನಸ್ಸಿನಲ್ಲಿ ಏನಿತ್ತೆಂದು ಓದಲು ಹೊರಡುವುದು ಸರಿಯಲ್ಲ.

ಪ್ರಶ್ನೆ: ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿಗಳಿಗೆ ಇಂತಹ ಊಹೆಯ ಸಂಭ್ರಮ ಏಕಿಲ್ಲ? (ತುಮಕೂರಿನ ಓದುಗರು)

ಊಹಿಸಲು ಮೊದಲು ಕ್ಯಾಲೆಂಡರ್ ಬೇಕು. 2019ನೆಯ ಸಾಲಿನ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಪ್ರೇಕ್ಷಕರು ಆ ವರ್ಷದ ಚಿತ್ರಗಳನ್ನು ಮರೆತೇಬಿಟ್ಟಿರುತ್ತಾರೆ. ಇನ್ನೊಂದು ಕಾರಣ ವ್ಯವಸ್ಥೆಯೊಳಗೇ ಇದೆ. ಇಲ್ಲಿ ತೀರ್ಮಾನಿಸುವುದು ಪ್ರತಿಸಾಲಿಗೂ ಹೊಸದಾಗಿ ರಚನೆಯಾಗುವ ಸಣ್ಣ ಆಯ್ಕೆ ಸಮಿತಿ. ಸಾವಿರಾರು ಜನರ ಒಲವನ್ನು ಹಳೆಯ ಅಂಕಿಗಳಿಂದ ಅಂದಾಜು ಮಾಡಬಹುದು, ಒಂದು ಕೋಣೆಯಲ್ಲಿ ಕುಳಿತ ಕೆಲವರು ಪರಸ್ಪರ ವಾದಿಸಿ ಎಲ್ಲಿಗೆ ತಲುಪುತ್ತಾರೆಂದು ಹೇಳುವುದು ಸಾಧ್ಯವಿಲ್ಲ. ಕಾನ್‌ನ ತೀರ್ಪುಗಾರರ ವಿಷಯದಲ್ಲಿಯೂ ಊಹೆಗಳು ಕೈಕೊಡುವುದು ಇದೇ ಕಾರಣಕ್ಕೆ. ಅಂತಹ ಸಮಿತಿಯ ಮುಂದೆ ಚಿತ್ರಗಳನ್ನು ತೋರಿಸಿಯೇ ತೀರ್ಪು ಪಡೆಯುತ್ತಾರೆ ಎಂಬುದನ್ನು ಮೆಚ್ಚಬೇಕು. ತಡವನ್ನು ಮಾತ್ರ ಯಾವ ರೀತಿಯಲ್ಲೂ ಸಮರ್ಥಿಸಲಾಗದು.

ಪ್ರಶ್ನೆ: ಇಲ್ಲಿ ಕೆಲವು ಕನ್ನಡ ಕುಟುಂಬಗಳು ಸೇರಿ ಆಸ್ಕರ್ ರಾತ್ರಿ ಊಹೆಯ ಸ್ಪರ್ಧೆ ನಡೆಸುತ್ತೇವೆ. ಕಳೆದ ಬಾರಿ ಒಂದು ಚಿತ್ರವನ್ನೂ ನೋಡದ ಹುಡುಗನೊಬ್ಬ ಗೆದ್ದ. ಎಲ್ಲ ನೋಡಿದವರು ಸೋತರು. ಸ್ಪರ್ಧೆಯ ನಿಯಮವನ್ನು ಬದಲಾಯಿಸಬೇಕೆ? (ಡಾಲಸ್‌ನ ಓದುಗರು)

ಆ ಹುಡುಗ ಸಂಘಗಳ ಪ್ರಶಸ್ತಿಗಳನ್ನು ಓದಿಕೊಂಡು ಬಂದಿರಬೇಕು. ನೋಡಿದವರಿಗೆ ತಾವು ಮೆಚ್ಚಿದ ಚಿತ್ರವೇ ಗೆಲ್ಲಲಿ ಎಂಬ ಆಸೆ ಇರುತ್ತದೆ, ಊಹೆಗೆ ಅದೇ ಅಡ್ಡಿ. ಸೂತ್ರವೂ ಯಾವಾಗಲೂ ಕೈಹಿಡಿಯುವುದಿಲ್ಲವೆಂದು ಅವನಿಗೂ ತಿಳಿಸಿ: 2021ರಲ್ಲಿ ನಟರ ಸಂಘದ ಪ್ರಶಸ್ತಿ ದಿವಂಗತ ಚಾಡ್ವಿಕ್ ಬೋಸ್‌ಮನ್ ಅವರಿಗೆ ಬಂದಿತ್ತು, ಆಸ್ಕರ್ ಸಮಾರಂಭದ ಕೊನೆಗೆ ಅತ್ಯುತ್ತಮ ಚಿತ್ರದ ಬದಲು ನಟ ಪ್ರಶಸ್ತಿಯನ್ನು ಇಟ್ಟುಕೊಂಡಿದ್ದರು, ಆದರೆ ಹೆಸರು ಕರೆದದ್ದು ಸಭೆಗೇ ಬಾರದಿದ್ದ ಆಂಥನಿ ಹಾಪ್ಕಿನ್ಸ್ ಅವರದು. ನಿಯಮ ಬದಲಾಯಿಸುವುದು ಬೇಡ, ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ. ಮೊದಲ ಸಾಲಿನಲ್ಲಿ ಯಾರು ಗೆಲ್ಲುತ್ತಾರೆಂದು ಎಲ್ಲರೂ ಬರೆಯಲಿ. ಎರಡನೆಯದರಲ್ಲಿ ಯಾರು ಗೆಲ್ಲಬೇಕೆಂದು, ಆ ವಿಭಾಗದ ಎಲ್ಲ ಚಿತ್ರಗಳನ್ನು ನೋಡಿದವರು ಮಾತ್ರ ಬರೆಯಲಿ. ಬಹುಮಾನ ಮೊದಲನೆಯದಕ್ಕೇ ಇರಲಿ, ಊಟದ ಹೊತ್ತಿನ ಜಗಳಕ್ಕೆ ಎರಡನೆಯದು.