ಮೈಲುತುತ್ತದ ಮಣ್ಣಿಗೆ ಸಾಸಿವೆ ಬಿತ್ತಿದರೆ ಸಾಕೇ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ. ಅಪ್ಪನ ಕಾಲದಿಂದ, ಸುಮಾರು 30 ವರ್ಷ, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಪ್ರತಿ ಮಳೆಗಾಲ ಎರಡು ಸಲ ಬೋರ್ಡೋ ದ್ರಾವಣ ಹೊಡೆಯುತ್ತಿದ್ದೇವೆ. ಸತ್ತ ಮರದ ಜಾಗದಲ್ಲಿ ನೆಟ್ಟ ಸಸಿಗಳು ಕೆಲವು ಕಡೆ ಹಳದಿಯಾಗಿ ಹಾಗೇ ನಿಂತಿವೆ. ಅಲ್ಲಿ ಎರೆಹುಳವೂ ಕಾಣುವುದಿಲ್ಲ. ಮಣ್ಣಿಗೆ ತಾಮ್ರ ಜಾಸ್ತಿಯಾಗಿದೆ, ಸಾಸಿವೆ ಹಾಕಿದರೆ ಹೀರಿಕೊಳ್ಳುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ? ಈ ತೋಟದ ಬಾಳೆಹಣ್ಣು, ಮೆಣಸು ತಿನ್ನಬಹುದೇ?

ಉತ್ತರ: ಸಾಸಿವೆ ತರುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 200 ಲೀಟರಿನ ಮೂರು ಡ್ರಮ್ ಎಂದುಕೊಂಡರೆ ಒಂದು ಸಲಕ್ಕೆ ಒಂದೂವರೆ ಕೆಜಿ ತಾಮ್ರ, ವರ್ಷಕ್ಕೆ ಮೂರು ಕೆಜಿ. ಯುರೋಪಿನಲ್ಲಿ ಬೆಳೆಗಾರರಿಗೆ ಇರುವ ತಾಮ್ರದ ಮಿತಿ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕೆಜಿ, ಅಂದರೆ ಎಕರೆಗೆ ವರ್ಷಕ್ಕೆ 1.6 ಕೆಜಿ. ನಮ್ಮದು ಹತ್ತಿರ ಹತ್ತಿರ ಅದರ ಎರಡರಷ್ಟು.

30 ವರ್ಷಕ್ಕೆ 90 ಕೆಜಿ ಆಯಿತು. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಳೆಗೆ ಸುಲಭವಾಗಿ ಕೆಳಗೂ ಇಳಿಯುವುದಿಲ್ಲ. ಸೊಪ್ಪುಗೊಬ್ಬರದ ಅಂಶಕ್ಕೆ ಅಂಟಿಕೊಂಡು ಮೇಲಿನ ಅರ್ಧ ಅಡಿಯಲ್ಲೇ ಕೂರುತ್ತದೆ. ಎರೆಹುಳ ಇರುವುದೂ ಅಲ್ಲೇ, ಎಳೆ ಸಸಿಯ ಬೇರು ಇರುವುದೂ ಅಲ್ಲೇ.

ಈಗ ಸಾಸಿವೆಗೆ ಬನ್ನಿ. ಎಕರೆಗೆ ನಾಲ್ಕು ಟನ್ ಒಣ ಗಿಡ ಬಂತು, ಕೆಜಿಗೆ 50 ಮಿಲಿಗ್ರಾಂ ತಾಮ್ರ ಹೀರಿತು ಎಂದು ಧಾರಾಳವಾಗಿಯೇ ಇಟ್ಟುಕೊಳ್ಳಿ. ಸಿಕ್ಕಿದ್ದು 200 ಗ್ರಾಂ! 90 ಕೆಜಿ ತೆಗೆಯಲು 450 ಬೆಳೆ ಬೇಕು. ಅಡಿಕೆ ನೆರಳಲ್ಲಿ ಸಾಸಿವೆ ಅಷ್ಟು ಬರುವುದೂ ಇಲ್ಲ ಬಿಡಿ. ಲೋಹ ಹೀರುವ ಗಿಡಗಳೇ ಇಲ್ಲ ಅಂತಲ್ಲ. ಹಳೇ ಗೋಡೆ ಸಂದಿಯಲ್ಲಿ ಬೆಳೆಯುವ ಜರಿಗಿಡದ ಒಂದು ಜಾತಿ ಆರ್ಸೆನಿಕ್ ಅನ್ನು ಚೆನ್ನಾಗಿ ಹೀರುತ್ತದೆ ಎಂದು 2001ರಲ್ಲೇ ಗೊತ್ತಾಗಿದೆ. ಆದರೆ ಅದು ಆರ್ಸೆನಿಕ್ ಕಥೆ, ತಾಮ್ರದ್ದಲ್ಲ.

ಬಾಳೆ, ಮೆಣಸಿನ ಬಗ್ಗೆ ಹೆದರಬೇಡಿ. ಹೆಚ್ಚಾದ ತಾಮ್ರವನ್ನು ಗಿಡ ಬಹುತೇಕ ಬೇರಿನಲ್ಲೇ ತಡೆದು ಇಟ್ಟುಕೊಳ್ಳುತ್ತದೆ. ಹಣ್ಣು ತಿನ್ನುವವರಿಗೆ ತೊಂದರೆ ಆಗುವ ಮೊದಲೇ ಗಿಡ ಸೊರಗುತ್ತದೆ. ಕ್ಯಾಡ್ಮಿಯಂನಂಥ ವಿಷಲೋಹ ಆಗಿದ್ದರೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಹಾಗಂತ ಸಸಿ ಹಳದಿಯಾದ ತಪ್ಪನ್ನೆಲ್ಲ ತಾಮ್ರದ ತಲೆಗೆ ಕಟ್ಟಲೂ ನಾನು ತಯಾರಿಲ್ಲ. ನಿಮ್ಮ ಕಡೆ ಹಳದಿ ಎಲೆ ರೋಗವೂ ಇದೆ. ಬಸಿಗಾಲುವೆ ಹೂಳು ತುಂಬಿ ನೀರು ನಿಂತರೂ ಹೀಗೇ ಆಗುತ್ತದೆ. ಒಂದು ಸಸಿ ಕಿತ್ತು ಬೇರು ನೋಡಿ. ಬೇರು ಗಿಡ್ಡಗೆ, ಕಂದು ಬಣ್ಣಕ್ಕೆ ತಿರುಗಿ, ಎಳೆ ಕವಲೇ ಇಲ್ಲದಂತಿದ್ದರೆ ತಾಮ್ರದ ಮೇಲೆ ಅನುಮಾನ ಪಡಬಹುದು. ಆಮೇಲೆ ಮಣ್ಣು ಪರೀಕ್ಷೆ. ಸುಮ್ನೆ 'ಮಣ್ಣು ಟೆಸ್ಟ್ ಮಾಡಿ' ಅಂದರೆ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ನೋಡಿ ಕಳಿಸಿಬಿಡಬಹುದು. ತಾಮ್ರ, ಸತು, ಕಬ್ಬಿಣ, ಪಿಎಚ್ (ಮಣ್ಣಿನ ಹುಳಿಯ ಅಳತೆ) ಬೇಕು ಎಂದು ಬಾಯಿಬಿಟ್ಟು ಕೇಳಿ. ಶಿವಮೊಗ್ಗದ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಔಷಧಿ ಹೊಡೆಯುವ ಮೊದಲೇ, ಮೇ ತಿಂಗಳೊಳಗೆ ಮಣ್ಣು ತೆಗೆಯಿರಿ. ಸಸಿ ಚೆನ್ನಾಗಿರುವ ಕಡೆಯದ್ದು ಒಂದು ಚೀಲ, ಸೊರಗಿದ ಕಡೆಯದ್ದು ಇನ್ನೊಂದು.

ತಾಮ್ರ ಜಾಸ್ತಿ ಎಂದು ಬಂದರೆ ಅದನ್ನು ಹೊರಗೆ ತೆಗೆಯಲು ಹೋಗಬೇಡಿ, ಇದ್ದಲ್ಲೇ ಮಲಗಿಸಿ. ನಮ್ಮ ಮಲೆನಾಡಿನ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ತಾಮ್ರ ಬೇರಿಗೆ ಬೇಗ ಸಿಗುತ್ತದೆ. ಪಿಎಚ್ ನೋಡಿ ಸುಣ್ಣ ಅಥವಾ ಡೋಲೊಮೈಟ್ ಹಾಕಿ 6ರಿಂದ 6.5ಕ್ಕೆ ತಂದರೆ ಅದರ ಆಟ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹೋದರೆ ಸತು ಸಿಗದೆ ಬೇರೆ ತಕರಾರು ಶುರು. ಜೊತೆಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ ವರ್ಷವೂ ತಪ್ಪಿಸಬೇಡಿ.

ಬೋರ್ಡೋ ಬಿಡಿ ಎಂದು ಮಾತ್ರ ನಾನು ಹೇಳುವುದಿಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಇದನ್ನು ತೋರಿಸಿಕೊಟ್ಟಾಗಿನಿಂದ ತೋಟಗಳು ಉಳಿದದ್ದು ಇದರಿಂದಲೇ. ಆದರೆ ಗೊನೆಗೆ ಬೀಳಬೇಕಾದದ್ದು ಗೊನೆಗೇ ಬೀಳಲಿ. ಆಳು ಸಿಕ್ಕರೆ ಒಂದಷ್ಟು ಮರಕ್ಕೆ ಕೊಟ್ಟೆ (ಗೊನೆಗೆ ಮಳೆ ತಾಗದಂತೆ ಹೊದಿಕೆ) ಕಟ್ಟಿಸಿ, ಅಷ್ಟು ಔಷಧಿ ಉಳಿಯಿತು. ದ್ರಾವಣಕ್ಕೆ ಹೊಳೆಯುವ ಕತ್ತಿ ಅದ್ದಿ ನೋಡಿ. ಅಲಗಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ.

ಕೊನೆಗೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಈ 30 ವರ್ಷ ಡ್ರಮ್ ಇಟ್ಟು ಔಷಧಿ ಕಲಸಿದ್ದು ಎಲ್ಲಿ? ಸಾಮಾನ್ಯವಾಗಿ ನೀರು ಹತ್ತಿರವಿರುವ ಒಂದೇ ಜಾಗ. ಚೆಲ್ಲಿದ್ದು, ತೊಳೆದದ್ದು, ಸಂಜೆ ಉಳಿದದ್ದು ಎಲ್ಲ ಅಲ್ಲೇ ಸುರಿದಿರುತ್ತದೆ. ಕಲ್ಲಿನ ಮೇಲೆ ಇವತ್ತಿಗೂ ನೀಲಿ ಕಲೆ ಕಾಣಬಹುದು. ಇಡೀ ತೋಟಕ್ಕಿಂತ ಆ ನಾಲ್ಕು ಮಾರು ಜಾಗದಲ್ಲೇ ತಾಮ್ರ ಜಾಸ್ತಿ. ಅಲ್ಲಿನ ಮಣ್ಣನ್ನು ಬೇರೆಯಾಗಿಯೇ ಪರೀಕ್ಷೆಗೆ ಕೊಡಿ. ಹಳದಿಯಾದ ಸಸಿಗಳು ಅದರ ಸುತ್ತಲೇ ಇವೆಯಾ? ನೋಡಿ, ಮತ್ತೆ ಬರೆಯಿರಿ.