ಹೊಸಬರಿಗೆ ಹಳೇ ಮಾಡ್ಯೂಲ್: ‘ಟೂಮ್’ ಬೇಡ, ಬಿ2 ತಗೊಳ್ಳಿ

ನಾಲ್ಕು ಜನ ಹೊಸಬರಿಗೆ ಹಳೇ ಡಂಜನ್ಸ್ ಅಂಡ್ ಡ್ರಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಹಾಕಿ ಆಡುವ ಕಥೆಯಾಟ) ಆಡಿಸಬೇಕು, ‘ಟೂಮ್ ಆಫ್ ಹಾರರ್ಸ್’ ಮಾಡ್ಯೂಲ್‌ನಿಂದಲೇ, ಅಂದರೆ ಆ ಹೆಸರಿನ ಸಿದ್ಧ ಸಾಹಸದ ಪುಸ್ತಕದಿಂದಲೇ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಈ ಆಟವನ್ನು ಹುಟ್ಟುಹಾಕಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅದನ್ನು 1975ರಲ್ಲಿ ಅಮೆರಿಕದ ಒರಿಜಿನ್ಸ್ ಸಮಾವೇಶದಲ್ಲಿ ಪಂದ್ಯವಾಗಿ ಆಡಿಸಿದ್ದರು. ಅಚ್ಚಾಗಿದ್ದು 1978ರಲ್ಲಿ. ಪಳಗಿದವರನ್ನೂ ಸೋಲಿಸುವಂತೆ ಬರೆದದ್ದು. ಶುರುವಿನಲ್ಲೇ ಗೋಡೆ ಮೇಲೆ ಬಾಯಿ ತೆರೆದ ಹಸಿರು ದೆವ್ವದ ಮುಖ ಇದೆ. ಅದರೊಳಗೆ ನುಗ್ಗಿದವನ ಕಥೆ ಅಲ್ಲಿಗೇ ಮುಗೀತು, ಬಚಾವಾಗಲು ಡೈಸ್ ಹಾಕುವ ಅವಕಾಶವೂ ಇಲ್ಲ.

ನೀವು ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ತಗೊಳ್ಳಿ, ಅದರ ಮಾಡ್ಯೂಲ್ ಸಂಖ್ಯೆಯೇ ಬಿ2. ಅದೂ ಗೈಗ್ಯಾಕ್ಸ್ ಅವರದ್ದೇ. ಆಟ ಕಲಿಯುವವರ ಬೇಸಿಕ್ ಸೆಟ್ ಡಬ್ಬದಲ್ಲೇ ಬರುತ್ತಿತ್ತು, ಮೊದಲ ಲೆವೆಲ್‌ಗೆಂದೇ, ಅಂದರೆ ಆಗಷ್ಟೇ ಶುರು ಮಾಡಿದ ಪಾತ್ರಗಳಿಗೆಂದೇ ಬರೆದದ್ದು. ಒಂದು ಕೋಟೆ, ಸ್ವಲ್ಪ ದೂರದಲ್ಲಿ ಗುಹೆಗಳ ಕಣಿವೆ, ಒಂದೊಂದು ಗುಹೆಯಲ್ಲೂ ಒಂದೊಂದು ಪಂಗಡ.

ಗುಹೆ ಗುಹೆ ನುಗ್ಗಿ ಎಲ್ಲರನ್ನೂ ಕೊಲ್ಲುತ್ತಾ ಹೋದರೆ ಎರಡನೇ ವಾರಕ್ಕೇ ಬೇಜಾರು ಬರುತ್ತದೆ. ಇದರ ಜೀವ ಇರುವುದು ಪಂಗಡಗಳ ನಡುವಿನ ಸಂಬಂಧದಲ್ಲಿ. ಗಾಬ್ಲಿನ್ ಅನ್ನುವ ಕುಳ್ಳ ದುಷ್ಟ ಜೀವಿಗಳನ್ನೇ ನೋಡಿ. ಕಷ್ಟ ಬಂದರೆ 250 ಚಿನ್ನದ ನಾಣ್ಯದ ಚೀಲವನ್ನು ಗುಪ್ತ ಬಾಗಿಲಿನಿಂದ ಪಕ್ಕದ ಗುಹೆಯ ಓಗರ್ ಅನ್ನುವ ದೈತ್ಯನಿಗೆ ಎಸೆಯುತ್ತವೆ. ಅವನು ಚೀಲ ಇಟ್ಟುಕೊಂಡು ಅವುಗಳ ಪರವಾಗಿ ಹೊಡೆದಾಟಕ್ಕೆ ಬರುತ್ತಾನೆ. ಆದರೆ ಅದಕ್ಕಿಂತ ಜಾಸ್ತಿ ದುಡ್ಡು ಕಣ್ಣೆದುರೇ ಇಟ್ಟರೆ ನಿಮ್ಮವರ ಮಾತು ಕೇಳುವ ಸಾಧ್ಯತೆ ಶೇ 90 ಅಂತ ಮಾಡ್ಯೂಲ್‌ನಲ್ಲೇ ಇದೆ! ಎಷ್ಟು ಚೆಂದ ಅಲ್ವಾ? ಅದಕ್ಕೇ ಆಡಿಸುವ ಮೊದಲು ಒಂದು ಹಾಳೆಯಲ್ಲಿ ಯಾರಿಗೆ ಯಾರು ಸ್ನೇಹ, ಯಾರಿಗೆ ಯಾರು ಆಗಲ್ಲ ಅಂತ ಬರೆದಿಟ್ಟುಕೊಳ್ಳಿ. ಎದುರಾದ ಕೂಡಲೇ ಹೊಡೆದಾಟ ಶುರು ಮಾಡಬೇಡಿ. ಎರಡು ಡೈಸ್ ಹಾಕಿ ರಿಯಾಕ್ಷನ್ ನೋಡಿ, ಅಂದರೆ ಎದುರಿನವರು ಸ್ನೇಹಕ್ಕೋ ಜಗಳಕ್ಕೋ ಅಂತ.

ಕೋಟೆಯವರಿಗೆ ಹೆಸರೇ ಕೊಟ್ಟಿಲ್ಲ, ಬರೀ ಹುದ್ದೆ. ಐದಾರು ಜನಕ್ಕಾದರೂ ನೀವೇ ಹೆಸರಿಡಿ. ಇದು ಆರರಿಂದ ಒಂಬತ್ತು ಜನರ ತಂಡಕ್ಕೆ ಬರೆದದ್ದು. ನಿಮ್ಮಲ್ಲಿ ನಾಲ್ಕೇ ಜನ, ಹಾಗಾಗಿ ಕೋಟೆಯಲ್ಲೇ ಒಂದಿಬ್ಬರು ಕೂಲಿ ಸೈನಿಕರನ್ನು ಜೊತೆಗೆ ಕೊಡಿ. ಕೊಬೋಲ್ಡ್ ಅನ್ನುವ ಪುಟ್ಟ ಜೀವಿಗಳ ಗುಹೆಯ ಬಾಗಿಲಲ್ಲೇ ಹತ್ತಡಿ ಗುಂಡಿ ಇದೆ, ಮೊದಲ ಲೆವೆಲ್‌ನವನಿಗೆ ಅಷ್ಟೇ ಸಾಕು ಪ್ರಾಣ ಹೋಗಲು. ಓಡಿ ಬಂದರೂ ತಪ್ಪಿಲ್ಲ ಅಂತ ಆಟಗಾರರಿಗೆ ಮೊದಲೇ ಹೇಳಿಬಿಡಿ.

ಮೈಕ್ ಕಾರ್ ಅವರ ‘ಇನ್ ಸರ್ಚ್ ಆಫ್ ದಿ ಅನ್‌ನೋನ್’ ಕೂಡ ಒಳ್ಳೇದೇ. ಆದರೆ ಯಾವ ಕೋಣೆಯಲ್ಲಿ ಯಾವ ಪ್ರಾಣಿ, ಯಾವ ನಿಧಿ ಅನ್ನುವುದನ್ನು ಡಿಎಂ, ಅಂದರೆ ಆಟ ಆಡಿಸುವವನು, ತಾನೇ ತುಂಬಬೇಕು. ಕೈ ಸ್ವಲ್ಪ ಪಳಗಿದ ಮೇಲೆ ನೋಡಿ.

ಇನ್ನೊಂದು ಮಾತು. ಐದನೇ ಆವೃತ್ತಿಯ ನಿಯಮದಲ್ಲಿ ಆಡಿಸಿದರೂ ತಂದ ಚಿನ್ನಕ್ಕೆ ಎಕ್ಸ್‌ಪಿ (ಲೆವೆಲ್ ಏರಲು ಬೇಕಾದ ಅನುಭವದ ಅಂಕ) ಕೊಡುವ ಹಳೇ ಪದ್ಧತಿ ಇಟ್ಟುಕೊಳ್ಳಿ. ಕೊಂದಿದ್ದಕ್ಕೆ ಮಾತ್ರ ಎಕ್ಸ್‌ಪಿ ಕೊಟ್ಟರೆ ಓಗರ್ ಜೊತೆ ಚೌಕಾಸಿ ಮಾಡಲು ಯಾರೂ ಮನಸ್ಸು ಮಾಡಲ್ಲ.